ಅವಳಿಗಳ ಕಿವಿವರ್ಷ

ನಮ್ಮೂರಿನಲ್ಲಿ ಎರಡು ಗಂಟೆಗಳಿವೆ, ಯಾರಿಗೂ ಎರಡೂ ಕೇಳಿಸುವುದಿಲ್ಲ. ಕೆಲವರಿಗೆ ಕಂಚಿನದು ಕೇಳಿಸುತ್ತದೆ, ಕೆಲವರಿಗೆ ಕಬ್ಬಿಣದ್ದು. ಕಂಚಿನದು ಮೊದಲು ಹೊಡೆಯುತ್ತದೆ. ಅದಾಗಿ ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತಿಗೆ ಕಬ್ಬಿಣದ್ದು ಹೊಡೆಯುತ್ತದಂತೆ. ಅಂತೆ ಅನ್ನುತ್ತೇನೆ, ಏಕೆಂದರೆ ಎಪ್ಪತ್ತು ದಾಟಿದ ಈ ವಯಸ್ಸಿನವರೆಗೂ ಅದರ ಸದ್ದು ಹೇಗಿದೆ ಎಂದು ನನಗೆ ಗೊತ್ತಿಲ್ಲ. ಒಮ್ಮೆ ಆ ಗಂಟೆಮನೆಯ ಒಳಗೇ ಹೋಗಿ, ಅಷ್ಟು ದೊಡ್ಡ ಕರಿ ಗಂಟೆ ಅತ್ತಿಂದಿತ್ತ ತೂಗುವುದನ್ನು ಕಣ್ಣಾರೆ ನೋಡಿದ್ದೇನೆ. ಸೊಳ್ಳೆ ಗುಂಯ್‌ಗುಟ್ಟಿದಷ್ಟೂ ಸದ್ದಿರಲಿಲ್ಲ.

ಇದರಿಂದ ಆಗುವ ಫಜೀತಿ ಒಂದೆರಡಲ್ಲ. ಕಂಚಿನ ಡ್ರೈವರು ಬಸ್ಸಿನ ಎಂಜಿನ್ ಶುರು ಮಾಡುವಾಗ ಕಬ್ಬಿಣದ ಕಂಡಕ್ಟರು ಇನ್ನೂ ಮನೆಯಲ್ಲಿ ಶರಟಿನ ಗುಂಡಿ ಹಾಕಿಕೊಳ್ಳುತ್ತಿರುತ್ತಾನೆ. ಮದುವೆ ಮನೆಯಲ್ಲಿ ಒಂದು ಪಂಕ್ತಿಯವರು ಕೈ ತೊಳೆದು ಎಲೆಯಡಿಕೆ ಹಾಕಿಕೊಳ್ಳುವಾಗ ಇನ್ನೊಂದು ಪಂಕ್ತಿಯವರು ಎಲೆಯ ಮುಂದೆ ಕೈಕಟ್ಟಿ ಕೂತಿರುತ್ತಾರೆ, ಏಕೆಂದರೆ ತಮ್ಮ ಗಂಟೆ ಹೊಡೆಯದೆ ತುತ್ತೆತ್ತುವುದು ನಮ್ಮೂರಿನಲ್ಲಿ ಯಾರಿಗೂ ಹೇಳಿಸಿದ್ದಲ್ಲ. ಆದರೂ ಹೇಗೋ ನಡೆದುಕೊಂಡು ಬಂದಿದೆ. ಕಾಲುವೆಯಾಚೆ, ಕಬ್ಬಿಣದವರ ಬೀದಿಯ ಬಟ್ಟೆ ಅಂಗಡಿಯ ಮುದುಕ ತನ್ನ ಬಾಗಿಲು ಹಾಕುವ ಗಂಟೆ ಹೊಡೆದರೂ ನನ್ನಂಥ ಗಿರಾಕಿಗೆ ಹೊರಡಿ ಅನ್ನುವುದಿಲ್ಲ. ಬಿಚ್ಚಿದ ಸೀರೆಗಳನ್ನು ಬಹಳ ನಿಧಾನವಾಗಿ, ಒಂದೊಂದೇ ಮಡಿಚತೊಡಗುತ್ತಾನೆ. ಅದು ನೋಡಿ ನಾನೇ ಏಳುತ್ತೇನೆ. ‘ನಿಮಗೆ ಕೇಳಿಸಲಿಲ್ಲವೇ?’ ಎಂದು ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಅದಕ್ಕಿಂತ ಕೆಟ್ಟ ಮಾತು ನಮ್ಮಲ್ಲಿಲ್ಲ.

ಕಂಚಿನವರು ನಾವು ಗೋಧಿಬಣ್ಣದವರು, ನೆಟ್ಟಗಿನ ಕೂದಲಿನವರು. ಕಬ್ಬಿಣದವರು ಕಡುಗಪ್ಪು, ಸುರುಳಿ ಸುರುಳಿ ಕೂದಲು, ಅಗಲ ಮೂಗು. ಅವರ ಹಿರಿಯರು ಯಾವುದೋ ಕಾಲದಲ್ಲಿ ಹಡಗಿನಲ್ಲಿ ಬಂದು ಇಳಿದವರು. ಎಷ್ಟು ತಲೆಮಾರು ಕಳೆದರೂ ನಮ್ಮವರು ಅವರನ್ನು ‘ಬಂದವರು’ ಅನ್ನುವುದನ್ನು ಬಿಟ್ಟಿಲ್ಲ. ಅವರು ನಮ್ಮನ್ನು ‘ಕೂತವರು’ ಅನ್ನುತ್ತಾರೆ. ಮುಖ ನೋಡಿದರೆ ಗಂಟೆ ಯಾವುದು ಅಂತ ಗೊತ್ತಾಗುತ್ತದೆ ಎಂಬುದರಲ್ಲಿ ಮಾತ್ರ ಬಂದವರಿಗೂ ಕೂತವರಿಗೂ ಭೇದವಿಲ್ಲ.

ನನ್ನ ಮಗ ಸುಧನ್ವ ಔಷಧಿ ಅಂಗಡಿ ಇಟ್ಟವನು. ಅಲ್ಲಿಗೆ ಔಷಧಿ ಕೊಳ್ಳಲು ಬರುತ್ತಿದ್ದ ಕಣ್ಣಿನ ಆಸ್ಪತ್ರೆಯ ನರ್ಸು ಲೂರ್ದಿನಳನ್ನು ಮದುವೆಯಾದ. ಅವಳು ಕಬ್ಬಿಣದವಳು. ನಾನು ಆ ಕಾಲಕ್ಕೇ ತರ್ಕಶಾಸ್ತ್ರ ಓದಿ ಬಿ.ಎ. ಮಾಡಿದವಳು, ಆ ತರ್ಕ ನಮ್ಮೂರಿನಲ್ಲಿ ಎಲ್ಲೂ ಉಪಯೋಗಕ್ಕೆ ಬಂದಿರಲಿಲ್ಲ, ಇಲ್ಲಾದರೂ ಬರಲಿ ಎಂದು ಒಪ್ಪಿದೆ. ಒಳ್ಳೆಯ ಹುಡುಗಿ. ಮನೆಗೆ ಬಂದ ಮೊದಲ ವಾರವೇ, ನಮ್ಮ ಊಟದ ಹೊತ್ತಿಗೆ ತನಗೆ ಹಸಿವಾದರೂ ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಂಡು ನಮ್ಮೆದುರು ಬರದೆ ಇರುತ್ತಿದ್ದಳು. ತಾನು ಕಾಯುತ್ತಿರುವುದು ಕಂಡರೆ ನಮಗೆ ಅನ್ನ ಇಳಿಯುವುದಿಲ್ಲ ಅಂತ.

ಅವಳಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದವು. ಮೊದಲು ಬಂದದ್ದು ನನ್ನ ಹಾಗೆ, ಗೋಧಿಬಣ್ಣ, ರೇಷ್ಮೆಯಂಥ ಕೂದಲು. ಹಿಂದೆಯೇ ಬಂದದ್ದು ಲೂರ್ದಿನಳ ತಾಯಿ ಜುಲ್ಯಾನಬಾಯಿಯ ಹಾಗೆ, ಮಿರಿಮಿರಿ ಕಪ್ಪು, ತಲೆಯ ತುಂಬ ಸುರುಳಿ. ನನ್ನ ಮೈದುನ ಶಂಭುಲಿಂಗ ಎರಡೂ ತೊಟ್ಟಿಲು ನೋಡಿ, ದೇವರು ತಕ್ಕಡಿ ಹಿಡಿದು ಹಂಚಿದ್ದಾನೆ ಅಂದ. ಶಂಭುಲಿಂಗ ಶಾಲೆಯ ಹೆಡ್ಮಾಸ್ತರನಾಗಿ ನಿವೃತ್ತನಾದವನು, ಆದರೆ ಅವನ ಮಟ್ಟಿಗೆ ಶಾಲೆ ಇನ್ನೂ ಬಿಟ್ಟಿಲ್ಲ. ಅವನ ಮಾತಿನಂತೆ ಮೊದಲನೆಯವಳಿಗೆ ನಮ್ಮ ಕಡೆಯಿಂದ ಪಾವನಿ ಅಂತಲೂ ಎರಡನೆಯವಳಿಗೆ ಅವರ ಕಡೆಯಿಂದ ಸಿಸಿಲಿ ಅಂತಲೂ ಹೆಸರಿಟ್ಟಾಯಿತು.

ಮಿಶ್ರ ಮನೆಯ ಮಕ್ಕಳಿಗೆ ಐದು ತುಂಬಿದಾಗ ಕಿವಿಶಾಸ್ತ್ರ. ಅಲ್ಲಿಯವರೆಗೆ ನಿನಗೆ ಯಾವುದು ಕೇಳಿಸುತ್ತದೆ ಎಂದು ಮಗುವನ್ನು ಕೇಳುವ ಹಾಗಿಲ್ಲ. ಶಾಸ್ತ್ರದ ದಿನ ಗಂಟೆಮನೆಯ ಅಂಗಳದಲ್ಲಿ ಮಗುವಿನ ಕೈಗೆ ಬೆಲ್ಲ ಕೊಟ್ಟು ನಿಲ್ಲಿಸುತ್ತಾರೆ. ಒಳಗೆ ಬಾಗಿಲು ಮುಚ್ಚಿಕೊಂಡು, ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಹೊಡೆಯುತ್ತಾರೆ. ಕೇಳಿಸಿದರೆ ಮಗು ಹೋಗಿ ಎದುರಿಗೆ ನಿಂತ ಆ ಗಂಟೆಯ ಕಡೆಯ ಅಜ್ಜಿಯ ಬಾಯಿಗೆ ಬೆಲ್ಲ ಹಾಕಬೇಕು. ಆಮೇಲೆ ಒಂದು ವರ್ಷ ಆ ಅಜ್ಜಿಯ ಮನೆಯಲ್ಲೇ ಇದ್ದು, ಆ ಗಂಟೆಗೇ ಎದ್ದು, ಉಂಡು, ಮಲಗಿ ರೂಢಿ ಮಾಡಿಕೊಳ್ಳಬೇಕು. ಅದೇ ಕಿವಿವರ್ಷ. ವರ್ಷ ಮುಗಿದ ಮೇಲೆ ಅಪ್ಪ ಅಮ್ಮನ ಮನೆಗೆ ವಾಪಸು ಬಂದರೂ ಶಾಲೆ, ಮದುವೆ, ಕೊನೆಗೆ ಮಣ್ಣು, ಎಲ್ಲವೂ ಆ ಗಂಟೆಯವರ ಜೊತೆಗೇ.

ನಮ್ಮ ಮನೆಯಲ್ಲಿ ಇದರ ಬಗ್ಗೆ ಯಾರಿಗೂ ತಲೆನೋವಿರಲಿಲ್ಲ. ಮುಖವೇ ಹೇಳುತ್ತಿತ್ತಲ್ಲ. ಪಾವನಿ ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದಳು, ಸಿಸಿಲಿ ತನ್ನಮ್ಮನ ಜೊತೆ ಕಾಯುತ್ತಿದ್ದಳು. ಪಾವನಿ ರಾತ್ರಿ ನನ್ನ ಮಗ್ಗುಲಲ್ಲಿ ಮಲಗುವವಳು. ಕಿವಿವರ್ಷಕ್ಕೂ ಇಲ್ಲೇ ಇರುತ್ತಾಳೆಂದು ನಾನು ನಿಶ್ಚಿಂತಳಾಗಿದ್ದೆ. ಸಿಸಿಲಿಗೆಂದು ಕಾಲುವೆಯಾಚೆ ಜುಲ್ಯಾನಬಾಯಿ ಮಂಚ ಮಾಡಿಸಿದ್ದರು, ಸೊಳ್ಳೆಪರದೆ ಹೊಲಿದಿದ್ದರು. ಒಂದೇ ತೊಂದರೆಯೆಂದರೆ ಸಿಸಿಲಿ ಶುದ್ಧ ಹೊಟ್ಟೆಬಾಕಿ. ನಾವು ಎಲೆ ಹಾಕುವುದಕ್ಕೆ ಮುಂಚೆಯೇ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ಹಾಜರು. ನಿನ್ನ ಹೊತ್ತು ಇನ್ನೂ ಆಗಿಲ್ಲ ಎಂದು ಗದರಿಸಿ ಕಳಿಸುವುದೇ ದಿನಾ ಒಂದು ಕೆಲಸ. ಪಾವನಿ ಅದಕ್ಕೆ ತದ್ವಿರುದ್ಧ. ತುತ್ತು ಬಾಯಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂರುವಳು.

ಶಾಸ್ತ್ರಕ್ಕೆ ಇನ್ನು ಸ್ವಲ್ಪ ದಿನ ಇರುವಾಗ ನಾನು ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದೆ. ಪಾವನಿ ಕಾಗೆ ಓಡಿಸಲು ಕೋಲು ಹಿಡಿದು ಕೂತಿದ್ದಳು. ನಮ್ಮ ಮಧ್ಯಾಹ್ನದ ಗಂಟೆ ಹೊಡೆಯಿತು. ಕೈ ಒರೆಸಿಕೊಂಡು, ಏಳು ಊಟಕ್ಕೆ ಹೋಗೋಣ ಅಂದೆ. ಅವಳು ಎದ್ದು ಬಂದು ನನ್ನ ಸೆರಗು ಹಿಡಿದುಕೊಂಡು ಕೇಳಿದಳು:

“ಅಜ್ಜಿ, ಊಟದ ಹೊತ್ತಾಯ್ತು ಅಂತ ನಿಂಗೆ ದಿನಾ ಯಾರು ಹೇಳ್ತಾರೆ?”

ಗಂಟೆಯ ಸದ್ದು ಇನ್ನೂ ನನ್ನ ಕಿವಿಯಲ್ಲಿತ್ತು. ಅವಳ ಕೈ ಹಿಡಿದು ಮೆಟ್ಟಿಲಿಳಿದು ಬಂದೆ. ಕೆಳಗೆ ಸಿಸಿಲಿ ತಟ್ಟೆ ಹಿಡಿದು ನಿಂತಿದ್ದಳು. ಯಾರೂ ಕರೆದಿರಲಿಲ್ಲ, ಅನ್ನದ ಪಾತ್ರೆಯ ಮುಚ್ಚಳ ಕೂಡ ತೆಗೆದಿರಲಿಲ್ಲ. ಐದು ವರ್ಷ ನಾವು ಆ ಮಗುವಿನ ಗಂಟೆ ಹೊಡೆದಾಗ ಅದನ್ನು ಉಪವಾಸ ಕಾಯಿಸಿ, ಇನ್ನೊಂದಕ್ಕೆ ಅದರ ಗಂಟೆ ಹೊಡೆಯುವ ಮುಂಚೆಯೇ ತುರುಕಿದ್ದೆವು. ತರ್ಕಶಾಸ್ತ್ರ ಓದಿದ ನಾನು ಆ ಮನೆಯಲ್ಲೇ ಇದ್ದೆ.

ಲೂರ್ದಿನಳನ್ನು ಹಿತ್ತಲಿಗೆ ಕರೆದು ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ಒಗೆದ ಬಟ್ಟೆ ಹಿಂಡುತ್ತಲೇ ಇದ್ದಳು. ಕಬ್ಬಿಣದ ಗಂಟೆ ಹೊಡೆದಾಗಲೆಲ್ಲ ಪಾವನಿ ತಲೆ ಎತ್ತುವುದನ್ನು ಅವಳು ಎಂದೋ ಕಂಡಿದ್ದಳಂತೆ. ಮತ್ತೆ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ ಹಿಂಡಿದ ಸೀರೆ ಕೊಡವುತ್ತ ಅಂದಳು:

“ಈ ಮನೇಲಿ ಆ ಗಂಟೆ ಕೇಳಿಸ್ಕೊಳೋಳು ನಾನೊಬ್ಬಳೇ ಇದ್ದೆ ಅತ್ತೆ. ಇನ್ನೊಬ್ಬಳು ಇದ್ದಾಳೆ ಅಂತ ಒಳಗೊಳಗೇ ಖುಷಿ. ಆದರೆ ಅಂಥ ಮುಖದ ಮಗುಗೆ ನಮ್ಮ ಗಂಟೆ ಕೇಳಿಸ್ತದೆ ಅಂದ್ರೆ ನಿಮಗೆ ಅವಮಾನ ಆಗ್ತದೋ ಏನೋ ಅಂತ ಸುಮ್ಮನಾದೆ.”

ನನಗೆ ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಅವಳಿಗೆ ಹಾಗನ್ನಿಸುವಂತೆ ಮಾಡಿದ ಎಲ್ಲರ ಮೇಲೂ ಬಂತು. ನನ್ನ ಮಗನನ್ನು ಕೇಳಿದೆ. ನಿನ್ನದೇ ಗಂಟೆಗೆ ಸಿಸಿಲಿ ಓಡಿ ಬರುವುದು ನಿನಗೆ ಕಾಣಲಿಲ್ಲವೇನೋ? ಅವನು ಕನ್ನಡಕ ಒರೆಸಿಕೊಂಡು, ಹಸಿವಾಗಿರಬೇಕು ಅಂದುಕೊಂಡೆನಮ್ಮ ಅಂದ.

ವಿಷಯವನ್ನು ನಮ್ಮಷ್ಟಕ್ಕೆ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಸುಧನ್ವ ಹೋಗಿ ಚಿಕ್ಕಪ್ಪನಿಗೆ ಹೇಳಿದ. ಮರುದಿನವೇ ಶಂಭುಲಿಂಗ ಛತ್ರಿ ಊರುತ್ತ ಬಂದು ನಮ್ಮ ನಡುಮನೆಯಲ್ಲಿ ಕೂತ. ಪಾವನಿಯಂಥ ಹುಡುಗಿ ಕಬ್ಬಿಣದವರ ಬೀದಿಯಲ್ಲಿ ನಡೆದರೆ ಜನ ಕಿಟಕಿಗೆ ಬಂದು ನೋಡುವುದಿಲ್ಲವೇ? ಸಿಸಿಲಿಯನ್ನು ನಮ್ಮ ಶಾಲೆಯಲ್ಲಿ ಯಾವ ಮಕ್ಕಳು ಪಕ್ಕಕ್ಕೆ ಕೂರಿಸಿಕೊಳ್ಳುತ್ತವೆ? ನಾಳೆ ಮದುವೆಗೆ ಯಾರನ್ನು ಹುಡುಕುತ್ತೀರಿ? ಹೀಗೆ ಅವನು ಪ್ರಶ್ನಪತ್ರಿಕೆ ಓದುತ್ತ ಹೋದ. ಕೊನೆಗೆ ತಾನೇ ಉತ್ತರವನ್ನೂ ಕೊಟ್ಟ.

“ಕೇಳಿಸೋದು ಬಿಡೋದು ಮಗು ಕಿವಿಯೊಳಗಿನ ವಿಷಯ ಅತ್ತಿಗೆ. ಅದು ಯಾರಿಗೆ ಕಾಣುತ್ತೆ? ಕಾಣೋದು ಮುಖ. ಮುಖಕ್ಕೆ ತಕ್ಕ ಹಾಗೆ ನಡೆಸಿಬಿಟ್ಟರೆ ಇಬ್ಬರೂ ಸುಖವಾಗಿರ್ತಾರೆ.”

ನಡೆಸುವುದು ಹೇಗೆಂದರೆ, ನಮ್ಮ ಗಂಟೆಮನೆಯಲ್ಲಿ ಪಾವನಿಯನ್ನೇ ನಿಲ್ಲಿಸುವುದು. ಗಂಟೆ ಹೊಡೆದ ಕೂಡಲೇ ಎದುರಿಗಿರುವ ನಾನು ಮೂಗುಬೊಟ್ಟು ಮುಟ್ಟಿಕೊಳ್ಳುವುದು. ಅದು ಕಂಡು ಅವಳು ಬಂದು ಬೆಲ್ಲ ತಿನ್ನಿಸುವುದು. ಅದಾದ ಮೇಲೆ ಅವರ ಗಂಟೆಮನೆಯಲ್ಲಿ ಸಿಸಿಲಿ. ಅಲ್ಲಿ ಜುಲ್ಯಾನಬಾಯಿ ಕಿವಿಯ ಓಲೆ ಮುಟ್ಟಿಕೊಳ್ಳುವುದು.

ಬೀಗಿತ್ತಿ ಒಪ್ಪುವುದಿಲ್ಲವೆಂದು ನಾನು ನಂಬಿದ್ದೆ. ಜುಲ್ಯಾನಬಾಯಿ ನೇರ ಮಾತಿನವರು, ಸುಳ್ಳು ಅವರಿಗೆ ಆಗದು. ಅವರು ಬಂದು ಎಲ್ಲ ಕೇಳಿಸಿಕೊಂಡು, ಸಿಸಿಲಿಯ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದರು. “ನೋಡಿ ಕುಸುಮಮ್ಮ. ಇದು ನಮ್ಮವ್ವನ ಮುಖ. ಹುಟ್ಟಿದ ದಿನದಿಂದ ಇವಳಿಗೆ ಕಾಯ್ತಾ ಇದ್ದೀನಿ. ಈಗ ನಮ್ಮ ಗಂಟೆ ಇವಳದಲ್ಲ ಅಂದ್ರೆ ನಾನು ಯಾರ ಮುಖ ನೋಡಲಿ?” ಅಂದರು. ಅವರ ಕಣ್ಣು ತುಂಬಿತ್ತು. ನಿಜ ಹೇಳಬೇಕೆಂದರೆ ಪಾವನಿಯನ್ನು ಕಾಲುವೆಯಾಚೆ ಕಳಿಸುವ ಮನಸ್ಸು ನನಗೂ ಇರಲಿಲ್ಲ. ರಾತ್ರಿ ನನ್ನ ಬೆನ್ನಿಗೆ ಆ ಪುಟ್ಟ ಮೊಣಕಾಲು ತಾಗದಿದ್ದರೆ ನಿದ್ದೆ ಬರುವುದಿಲ್ಲ. ಆಗಲಿ ಅಂದುಬಿಟ್ಟೆ.

ಆ ತಾಲೀಮಿನ ದಿನಗಳನ್ನು ನೆನೆದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಶಂಭುಲಿಂಗ ದಿನಾ ಬರುತ್ತಿದ್ದ. ನಾನು ಮೂಗು ಮುಟ್ಟಬೇಕು, ಪಾವನಿ ಬೆಲ್ಲ ತರಬೇಕು. ಆ ವಾರವೇ ನನಗೆ ನೆಗಡಿ. ಮೂಗು ಒರೆಸಿಕೊಂಡರೆ ಬಾಯಿಗೆ ಬೆಲ್ಲ. ಸೀನಿದರೆ ಬೆಲ್ಲ. ಪಕ್ಕದ ಮನೆಯವರ ಜೊತೆ ಮಾತಾಡುತ್ತ ಮೂಗು ತುರಿಸಿಕೊಂಡರೆ ಎಲ್ಲಿಂದಲೋ ಓಡಿ ಬಂದು ಬೆಲ್ಲ. ಮಗು ಆಟವಾಡುವುದನ್ನೂ ಬಿಟ್ಟು ನನ್ನ ಮೂಗನ್ನೇ ಕಾಯುತ್ತಿತ್ತು. ಇದು ನಗುವ ವಿಷಯವಾಗಿತ್ತು, ಇನ್ನೊಂದು ಇಲ್ಲದಿದ್ದರೆ. ಸಿಸಿಲಿಗೆ ಕಲಿಸಬೇಕಾದದ್ದು ಬೇರೆಯೇ. ನಮ್ಮ ಗಂಟೆ ಹೊಡೆದಾಗ ಅವಳು ಏಳಬಾರದು, ತಿರುಗಬಾರದು, ಕಣ್ಣು ಕೂಡ ಮಿಟುಕಿಸಬಾರದು. ಶಂಭುಲಿಂಗ ಅವಳನ್ನು ಮಣೆಯ ಮೇಲೆ ಕೂರಿಸಿ, ಕೈಗಳನ್ನು ತೊಡೆಯ ಕೆಳಗೆ ಇಡಿಸಿ, ಎದುರು ಕೂರುತ್ತಿದ್ದ. ಗಂಟೆ ಹೊಡೆದಾಗ ಅವಳ ಕತ್ತು ಎಳ್ಳಷ್ಟು ಅಲುಗಿದರೂ, ಊಹೂಂ, ಮತ್ತೆ, ಅನ್ನುತ್ತಿದ್ದ. ಒಂದು ದಿನ ನಾನು ಹಾದು ಹೋಗುವಾಗ ಅವಳು ಮೆಲ್ಲಗೆ ಕೇಳಿದಳು, “ಅಜ್ಜಿ, ಕೇಳಿಸಿದ್ದನ್ನ ವಾಪಸ್ ಹಾಕೋದು ಹೇಗೆ?” ನಾನು ಅವಳಿಗೆ ಒಂದು ಚಕ್ಕುಲಿ ಕೊಟ್ಟು ಒಳಗೆ ಹೋದೆ.

ಶಾಸ್ತ್ರದ ದಿನ ಎರಡೂ ಕಡೆಯವರು ನಮ್ಮ ಗಂಟೆಮನೆಯ ಅಂಗಳದಲ್ಲಿ ಸೇರಿದ್ದರು. ಕಬ್ಬಿಣದವರಿಗೆ ಬಿಸಿಲು ಬೀಳದ ಕಡೆ ಜಮಖಾನ ಹಾಸಿದ್ದರು. ನಮ್ಮ ಬೀದಿಯ ಹೆಂಗಸರು ಬಾಯಲ್ಲಿ ಏನೇ ಅಂದರೂ ನೆರಳನ್ನು ಮಾತ್ರ ಬಂದವರಿಗೇ ಬಿಡುತ್ತಾರೆ. ಪಾವನಿಯನ್ನು ಅಂಗಳದ ನಡುವೆ ನಿಲ್ಲಿಸಿ ಅಂಗೈಯಲ್ಲಿ ಬೆಲ್ಲ ಇಟ್ಟರು. ನಾನು ಎದುರಿಗೆ ನಿಂತೆ. ಸಿಸಿಲಿ ತನ್ನಮ್ಮನ ಕಾಲ ಬಳಿ ಕೂತಿದ್ದಳು, ಕೈಗಳು ತೊಡೆಯ ಕೆಳಗೆ. ಜುಲ್ಯಾನಬಾಯಿ ಪಕ್ಕದಲ್ಲಿದ್ದರು. ಶಂಭುಲಿಂಗ ಎಲ್ಲರಿಗಿಂತ ಮುಂದೆ, ಪರೀಕ್ಷೆ ನಡೆಸುವವನ ಹಾಗೆ ಬೆನ್ನ ಹಿಂದೆ ಕೈ ಕಟ್ಟಿಕೊಂಡಿದ್ದ.

ಗಂಟೆ ಹೊಡೆಯಿತು.

ಪಾವನಿ ಕಣ್ಣನ್ನು ಬಟ್ಟಲು ಮಾಡಿಕೊಂಡು ನನ್ನ ಮೂಗನ್ನೇ ನೋಡುತ್ತಿದ್ದಳು. ಉಸಿರಾಡುವುದನ್ನೇ ನಿಲ್ಲಿಸಿದ್ದಳು. ಕೇಳಿಸದ್ದನ್ನು ಕಣ್ಣಿನಿಂದ ಹಿಡಿಯಬೇಕಲ್ಲ. ಅವಳ ಹಿಂದೆ ಸಿಸಿಲಿ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿಕೊಂಡು ಕೂತಿದ್ದಳು. ಅವಳ ಕಣ್ಣಿನ ಸಂದಿಯಿಂದ ನೀರು ಸುರಿಯುತ್ತಿತ್ತು. ಅವಳು ಕೇಳಿಸಿದ್ದನ್ನು ವಾಪಸು ಹಾಕುತ್ತಿದ್ದಳು.

ನನ್ನ ಕೈ ಮೂಗಿನ ಹತ್ತಿರ ಅರ್ಧ ಬಂದಿತ್ತು. ಅಷ್ಟರಲ್ಲಿ ನನಗೆ ಸಾಕಾಗಿಹೋಯಿತು. ಬೇರೆ ಏನೂ ದೊಡ್ಡ ವಿಚಾರ ನನ್ನ ತಲೆಗೆ ಬರಲಿಲ್ಲ. ಸಾಕು ಅನ್ನಿಸಿತು, ಅಷ್ಟೇ. ಎತ್ತಿದ ಕೈಯನ್ನು ಮುಂದಕ್ಕೆ ಚಾಚಿ ಕರೆದೆ.

“ಸಿಸಿಲಿ, ಬಾ ಮಗಾ.”

ಅವಳು ಕಣ್ಣು ಬಿಟ್ಟಳು. ಮೊದಲು ಶಂಭುಲಿಂಗನನ್ನು ನೋಡಿದಳು, ಆಮೇಲೆ ನನ್ನನ್ನು. ಎದ್ದು ಓಡಿ ಬಂದವಳು ನಡುವೆ ಪಾವನಿಯ ಹತ್ತಿರ ನಿಂತಳು, ಏಕೆಂದರೆ ಅವಳ ಕೈಯಲ್ಲಿ ಬೆಲ್ಲವಿರಲಿಲ್ಲ. ಪಾವನಿ ತನ್ನ ಬೆಲ್ಲವನ್ನು ಹಲ್ಲಿನಲ್ಲಿ ಕಚ್ಚಿ ಎರಡು ಮಾಡಿ ಒಂದನ್ನು ಅವಳಿಗೆ ಕೊಟ್ಟಳು. ಎಂಜಲಿನ ಆ ಚೂರು ನನ್ನ ಬಾಯಿಗೆ ಬಿತ್ತು.

ಅಂಗಳದಲ್ಲಿ ಗುಜುಗುಜು ಎದ್ದಿತು. ಶಂಭುಲಿಂಗ, ಮಗುವಿಗೆ ಅರ್ಥವಾಗಿಲ್ಲ, ಮತ್ತೊಮ್ಮೆ ನಡೆಸೋಣ ಎಂದು ಎಲ್ಲರಿಗೂ ಹೇಳುತ್ತ ಓಡಾಡಿದ. ಗಂಟೆಮನೆಯ ಹಿರಿಯರು ವಯಸ್ಸಾದವರು, ಯಾವ ಗಡಿಬಿಡಿಯೂ ಇಲ್ಲದವರು. ಅವರು ಸಿಸಿಲಿಯನ್ನು ಹತ್ತಿರ ಕರೆದು, ಕೇಳಿಸಿತೇನಮ್ಮ ಎಂದು ಕೇಳಿದರು. ದಿನಾ ಕೇಳಿಸುತ್ತೆ ತಾತ, ಆದರೆ ನನಗೆ ಊಟ ಕೊಡಲ್ಲ ಅಂದಳು. ಅವರು ನಗಲಿಲ್ಲ. ಅವಳ ಬೆನ್ನು ನಮ್ಮೆಲ್ಲರ ಕಡೆ ಬರುವಂತೆ ಗೋಡೆಗೆ ತಿರುಗಿಸಿ ನಿಲ್ಲಿಸಿ, ಒಳಗಿದ್ದವರಿಗೆ ಇನ್ನೊಮ್ಮೆ ಹೊಡೆಯಲು ಹೇಳಿ ಕಳಿಸಿದರು. ಗಂಟೆ ಹೊಡೆದದ್ದಕ್ಕೂ ಆ ಕಪ್ಪು ಪುಟ್ಟ ಕೈ ಮೇಲೆದ್ದದ್ದಕ್ಕೂ ನಡುವೆ ಒಂದು ರೆಪ್ಪೆ ಬಡಿಯುವಷ್ಟೂ ಅಂತರವಿರಲಿಲ್ಲ. ಸರಿ, ಎಲ್ಲರೂ ಪಾನಕ ತಗೊಳ್ಳಿ ಅಂದರು ಹಿರಿಯರು. ಗುಜುಗುಜು ಅಲ್ಲಿಗೆ ನಿಂತಿತು.

ಜುಲ್ಯಾನಬಾಯಿ ಪಾನಕ ಮುಟ್ಟಲಿಲ್ಲ. ಕಾಲುವೆ ದಾಟಿ ಅವರ ಗಂಟೆಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನಿಂದ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಸೇತುವೆಯ ಮೇಲೆ ಒಮ್ಮೆ ತಿರುಗಿ ಅಂದರು, “ಇಬ್ಬರು ಸೇರಿ ಒಪ್ಪಿದ್ದು. ನೀವೊಬ್ಬರೇ ಮುರಿದಿರಿ.” ಅದು ಸರಿಯಾದ ಮಾತೇ. ಲೂರ್ದಿನ ನನ್ನ ಕೈ ಹಿಡಿದುಕೊಂಡು ನಡೆಯುತ್ತಿದ್ದಳು. ಮುದುಕಿ ಎಡವದಿರಲಿ ಅಂತ ಜನ ತಿಳಿದಿರಬೇಕು, ಆದರೆ ಆಸರೆ ಬೇಕಾಗಿದ್ದದ್ದು ಅವಳಿಗೇ.

ಕಬ್ಬಿಣದ ಗಂಟೆಮನೆಯ ಅಂಗಳದಲ್ಲಿ ನಿಲ್ಲಿಸಬೇಕಾದದ್ದು ಸಿಸಿಲಿಯನ್ನು. ಯಾರೂ ಏನೂ ಹೇಳುವ ಮೊದಲೇ ಲೂರ್ದಿನ ಪಾವನಿಯನ್ನು ನಡುವೆ ಕರೆದುಕೊಂಡು ಹೋಗಿ ನಿಲ್ಲಿಸಿ, ಅವಳ ಕೈಗೆ ಹೊಸ ಬೆಲ್ಲ ಕೊಟ್ಟು, ಹಿಂದೆ ಸರಿದಳು. ಆ ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟೊಂದು ಕಪ್ಪು ಮುಖಗಳ ನಡುವೆ ಪಾವನಿ ಯಾರೋ ಮರೆತು ಬಿಟ್ಟುಹೋದ ಮಗುವಿನ ಹಾಗೆ ಕಾಣುತ್ತಿದ್ದಳು. ನಮ್ಮ ಬೀದಿಯಲ್ಲಿ ಸಿಸಿಲಿ ಹೀಗೇ ಕಂಡಿರಬೇಕು, ನಾನು ಗಮನಿಸಿರಲಿಲ್ಲ.

ಆಮೇಲೆ ನನಗೆ ಎಲ್ಲವೂ ನಿಶ್ಶಬ್ದ. ಗಂಟೆ ಯಾವಾಗ ಹೊಡೆಯಿತೋ ಗೊತ್ತಿಲ್ಲ. ಪಾವನಿಯ ಮುಖ ನೋಡಿ ಗೊತ್ತಾಯಿತು. ಅವಳು ಯಾರ ಮೂಗನ್ನೂ ಯಾರ ಓಲೆಯನ್ನೂ ನೋಡುತ್ತಿರಲಿಲ್ಲ. ಅವಳ ತುಟಿ ಬಿಚ್ಚಿ, ಹುಬ್ಬು ಮೇಲೇರಿ, ಅಷ್ಟು ಹತ್ತಿರದಿಂದ ಮೊದಲ ಬಾರಿಗೆ ಕೇಳಿದವಳ ಹಾಗೆ ಮೈಯೆಲ್ಲ ಜುಮ್ಮೆಂದು, ನಕ್ಕಳು. ನೇರ ನಡೆದು ಜುಲ್ಯಾನಬಾಯಿಯ ಮುಂದೆ ನಿಂತು ಕೈ ಎತ್ತಿದಳು.

ಜುಲ್ಯಾನಬಾಯಿ ಎತ್ತರದ ಹೆಂಗಸು. ಮಗು ತುದಿಗಾಲಲ್ಲಿ ನಿಂತರೂ ಬೆಲ್ಲ ಅವರ ಎದೆಯ ತನಕವೇ ಬಂತು. ಅವರು ಬಗ್ಗಲಿಲ್ಲ. ಬಾಯಿ ಬಿಗಿಯಾಗಿ ಮುಚ್ಚಿತ್ತು. ಅಜ್ಜಿ ಬೆಲ್ಲ ತೆಗೆದುಕೊಳ್ಳದಿದ್ದರೆ ಶಾಸ್ತ್ರ ಮುಗಿಯುವುದಿಲ್ಲ. ಮಗು ಯಾವ ಗಂಟೆಯದೂ ಅಲ್ಲದೆ ಉಳಿದುಬಿಡುತ್ತದೆ. ಅಂಥ ಒಬ್ಬಾತ ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿದ್ದ, ಅವನು ಯಾರ ಪಂಕ್ತಿಯಲ್ಲೂ ಕೂರದೆ ಕಾಲುವೆ ದಂಡೆಯ ಮೇಲೆ ತಿನ್ನುತ್ತಿದ್ದ. ಪಾವನಿಯ ಕೈ ನೋಯತೊಡಗಿತು. ಅವಳು ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡಳು. ಬೆಲ್ಲ ಕರಗಿ ಮಣಿಕಟ್ಟಿನವರೆಗೂ ಇಳಿಯಿತು. ನನಗೆ ಹೋಗಿ ಆ ಹೆಂಗಸಿನ ಭುಜ ಹಿಡಿದು ಅಲ್ಲಾಡಿಸಬೇಕೆನ್ನಿಸಿತು.

ಆಗ ಪಾವನಿ, ಪಿಸುದನಿಯಲ್ಲೇನೂ ಅಲ್ಲ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

“ಅವ್ವಾ, ನಿಂಗೂ ಹೊಟ್ಟೆ ಒಳಗೆ ಢಣ್ ಅನ್ನುತ್ತಾ?”

ಜುಲ್ಯಾನಬಾಯಿಯ ಮೊಣಕಾಲು ಮಡಿಚುವ ಸ್ಥಿತಿಯಲ್ಲಿಲ್ಲವೆಂದು ಊರಿಗೆಲ್ಲ ಗೊತ್ತು. ಪಕ್ಕದವರು ಕೈ ಕೊಡಲು ಬಂದರೆ ತಳ್ಳಿ, ಗೋಡೆ ಹಿಡಿದು, ನರಳುತ್ತ, ಆ ಮಣ್ಣಿನ ನೆಲದ ಮೇಲೆ ಹಬ್ಬದ ಸೀರೆಯಲ್ಲೇ ಕಾಲು ಚಾಚಿ ಕೂತುಬಿಟ್ಟರು. “ಅನ್ನುತ್ತೆ ಕಣೇ. ರಾತ್ರಿ ಹೊಡೆಯೋದು ಇನ್ನೂ ಆಳಕ್ಕೆ ಇಳೀತದೆ, ನೋಡ್ತೀಯಂತೆ,” ಅಂದು ಬಾಯಿ ತೆರೆದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಸಿಸಿಲಿ ನನ್ನ ಮಗ್ಗುಲಲ್ಲಿ ಅಡ್ಡಡ್ಡ ಮಲಗಿ ಗೊರಕೆ ಹೊಡೆದಳು. ಬೆಳಗ್ಗೆ ಗಂಟೆ ಹೊಡೆದ ಕೂಡಲೇ ಎದ್ದು ಹಲ್ಲುಜ್ಜಿ, ನಮ್ಮ ಜೊತೆ ಕೂತು, ಯಾರ ಗದರಿಕೆಯೂ ಇಲ್ಲದೆ ನಾಲ್ಕು ದೋಸೆ ತಿಂದಳು. ಅದಾದ ಮೇಲೆ ಶುರುವಾಯಿತು. ಅವಳ ತಲೆಯನ್ನು ಈವರೆಗೆ ಲೂರ್ದಿನಳೇ ನೋಡಿಕೊಳ್ಳುತ್ತಿದ್ದಳು. ಕಿವಿವರ್ಷದಲ್ಲಿ ಅಜ್ಜಿಯೇ ಮಾಡಬೇಕು, ಲೂರ್ದಿನ ತಿಂಡಿಯ ಡಬ್ಬಿ ಹಿಡಿದು ಆಸ್ಪತ್ರೆಗೆ ಹೊರಟೂ ಆಗಿತ್ತು. ನಾನು ಬಾಚಣಿಗೆ ಹಾಕಿದರೆ ಅದು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಸಿಸಿಲಿ ಓಣಿಗೆಲ್ಲ ಕೇಳುವ ಹಾಗೆ ಕಿರುಚಿದಳು. ಎರಡು ಹಲ್ಲು ಮುರಿದ ಬಾಚಣಿಗೆ ಅವಳ ತಲೆಯಲ್ಲೇ ನೇತಾಡುತ್ತಿರುವಾಗ ಬಾಗಿಲಲ್ಲಿ ಜುಲ್ಯಾನಬಾಯಿ ಕಾಣಿಸಿಕೊಂಡರು. ಒಂದು ಕೈಯಲ್ಲಿ ಪಾವನಿ. ಪಾವನಿಯ ಕೂದಲು ಮುಖದ ಮೇಲೆಲ್ಲ ಹರಡಿತ್ತು.

“ಇದೇನು ಕೂದಲು ಕುಸುಮಮ್ಮ, ನೀರಿನ ಹಾಗೆ ಜಾರ್ತದೆ. ಹೆಣೆದು ಮುಗಿಸಿ ಟೇಪು ಕಟ್ಟೋದರೊಳಗೆ ಬಿಚ್ಚಿಹೋಗ್ತದೆ. ಮೂರು ಸಲ ಹಾಕಿದೆ. ಇದಕ್ಕೆ ಅಂಟು ಹಚ್ತೀರೋ ಏನು?”

ನನ್ನ ಕೈಯ ಅವಸ್ಥೆ ನೋಡಿದ ಮೇಲೆ ಅವರ ದನಿ ಇನ್ನೂ ಏರಿತು. ಒಣ ಕೂದಲಿಗೆ ಬಾಚಣಿಗೆ ಹಾಕುತ್ತೀರಾ, ಓದಿದವರಲ್ಲವಾ ನೀವು, ಎಂದು ಬೈಯುತ್ತ ಬಂದು ಸಿಸಿಲಿಯನ್ನು ತಮ್ಮ ಮುಂದೆ ಎಳೆದು ಕೂರಿಸಿಕೊಂಡರು. ನೀರು ತರಿಸಿದರು, ಎಣ್ಣೆ ತರಿಸಿದರು. ಮೊದಲು ಬೆರಳಿಂದ, ತುದಿಯಿಂದ ಬುಡಕ್ಕೆ, ನೋಡಿಕೊಳ್ಳಿ, ಇನ್ನು ಮೇಲೆ ನೀವೇ ಮಾಡಬೇಕು ಎಂದು ತೋರಿಸಿದರು. ನಾನು ಪಾವನಿಯನ್ನು ಕೂರಿಸಿಕೊಂಡು, ಇಂಥ ಕೂದಲನ್ನು ಬುಡದಲ್ಲೇ ಬಿಗಿ ಹಿಡಿಯಬೇಕು, ಟೇಪನ್ನು ಅರ್ಧದಿಂದಲೇ ಜಡೆಯೊಳಗೆ ಸೇರಿಸಿ ಹೆಣೆಯಬೇಕು ಎಂದು ತೋರಿಸಿದೆ. ಇಬ್ಬರೂ ಒಬ್ಬರ ಕೆಲಸಕ್ಕೆ ಒಬ್ಬರು ತಪ್ಪು ಹೇಳುತ್ತಿದ್ದೆವು. ದಿನಾ ಬೆಳಗ್ಗೆ ಇದೇ ರಾಮಾಯಣವಾದರೆ ಮೊಣಕಾಲು ಉಳಿಯುವುದಿಲ್ಲ ಎಂದು ಅವರು ಗೊಣಗಿದರು. ನಾಳೆಯಿಂದ ನಾನೇ ಬರುತ್ತೇನೆ ಬಿಡಿ ಅಂದೆ.

ಹಾಗೆ ಕೂತಿರುವಾಗ ನನ್ನ ಕೈಯೊಳಗಿನ ಜಡೆ ತಟ್ಟನೆ ಮೇಲೆದ್ದಿತು. ಪಾವನಿ ತಲೆ ಎತ್ತಿದ್ದಳು. ಎದುರಿಗೆ ಜುಲ್ಯಾನಬಾಯಿಯೂ ಅದೇ ಗಳಿಗೆಗೆ ತಲೆ ಎತ್ತಿದ್ದರು. ನನಗೂ ಸಿಸಿಲಿಗೂ ಏನೂ ಕೇಳಿಸಿರಲಿಲ್ಲ. ಸಿಸಿಲಿ ನನ್ನ ಕಡೆ ನೋಡಿ, ಬಹಳ ದೊಡ್ಡವಳ ಹಾಗೆ ಹೇಳಿದಳು:

“ಅವರಿಗೆ ತಿಂಡಿ ಹೊತ್ತಾಯ್ತು ಅಜ್ಜಿ. ನಮ್ಮದು ಆಯ್ತಲ್ಲ.”

‘ಅವರಿಗೆ’ ಅಂದಳು. ಬೆಲ್ಲ ಕಚ್ಚಿ ಕೊಟ್ಟ ಅಕ್ಕನಿಗೆ, ಬೆನ್ನ ಹಿಂದೆ ಕೂತು ಸಿಕ್ಕು ಬಿಡಿಸುತ್ತಿದ್ದ ಅವ್ವನಿಗೆ. ನಾವು, ಅವರು ಅನ್ನುವುದಕ್ಕೆ ಒಂದು ರಾತ್ರಿ ಸಾಕಾಯಿತು. ಜುಲ್ಯಾನಬಾಯಿಯ ಬೆರಳುಗಳು ಅವಳ ಕೂದಲಲ್ಲೇ ನಿಂತವು. ನಾವಿಬ್ಬರು ಮುದುಕಿಯರು ಮಕ್ಕಳ ತಲೆಯ ಮೇಲಿಂದ ಒಬ್ಬರನ್ನೊಬ್ಬರು ನೋಡಿದೆವು.

ಪಾವನಿ ಆಗಲೇ ಎದ್ದು ನಿಂತಿದ್ದಳು. ಹುಟ್ಟಿದಾಗಿನಿಂದ ಗಂಟೆ ಹೊಡೆದ ಮೇಲೆ ಒಂದು ತುತ್ತೂ ತಡ ಮಾಡದ ಜುಲ್ಯಾನಬಾಯಿ ಸಿಸಿಲಿಯ ತಲೆಯನ್ನು ಎರಡೂ ಕೈಯಿಂದ ಹಿಡಿದು ನೇರ ಮಾಡಿದರು.

“ಕೂತ್ಕೋ ಪಾವನಿ,” ಅಂದರು. “ಗಂಟೆ ಹೊಡ್ಕೊಂಡ್ರೆ ಹೊಡ್ಕೊಳ್ಳಲಿ. ಇವಳದು ಇನ್ನೊಂದು ಜಡೆ ಬಾಕಿ ಇದೆ.”